ಶಾಲೆಯ ಜಾಲಕ್ಕೂ ಒಬ್ಬ ಉತ್ತರಾಧಿಕಾರಿ ಬೇಕು

ಕಾವ್ಯಮೀಮಾಂಸಕರು ಪುನರುಕ್ತಿಯನ್ನು ದೋಷಗಳ ಸಾಲಿನಲ್ಲಿ ಸೇರಿಸಿದ್ದಾರೆ. ಒಮ್ಮೆ ಹೇಳಿದುದನ್ನು ಮತ್ತೆ ಹೇಳುವವನು ಕೇಳುವವನ ಕಾಲವನ್ನೂ ತನ್ನ ಓಲೆಯನ್ನೂ ವ್ಯರ್ಥಗೊಳಿಸುತ್ತಾನೆಂಬುದು ಅವರ ಆಕ್ಷೇಪ. ಇಷ್ಟು ವರ್ಷಗಳ ಕಾಲ ಮಕ್ಕಳ ಪ್ರಬಂಧಗಳಲ್ಲಿ ಈ ದೋಷವನ್ನು ಕೆಂಪು ಶಾಯಿಯಿಂದ ಗುರುತಿಸುತ್ತ ಬಂದ ನಾನು, ಈ ಸ್ಮರಣ ಸಂಚಿಕೆಯಲ್ಲಿ ಅದೇ ಪುನರುಕ್ತಿಯ ಪರವಾಗಿ ಮಾತನಾಡಲು ನಿಂತಿರುವುದನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ಆದರೆ ಭಾಷೆಯೇ ಈ ವಿಷಯದಲ್ಲಿ ಮೀಮಾಂಸಕರ ಮಾತನ್ನು ಪೂರ್ತಿಯಾಗಿ ಕೇಳಿಲ್ಲ. 'ಅವಳು ಬಂದಳು' ಎನ್ನುವಾಗ ಬಂದವಳು ಯಾರೆಂಬುದನ್ನು ಸರ್ವನಾಮವೂ ಹೇಳುತ್ತದೆ, ಕ್ರಿಯಾಪದದ ಪ್ರತ್ಯಯವೂ ಹೇಳುತ್ತದೆ. ಗದ್ದಲದಲ್ಲಿ 'ಅವಳು' ಎಂಬುದು ಕಿವಿಗೆ ಬೀಳದೆ ಹೋದರೂ 'ಬಂದಳು' ಎಂಬುದೊಂದೇ ಲಿಂಗ, ವಚನ, ಪುರುಷಗಳೆಂಬ ಮೂರನ್ನೂ ಕೇಳುವವನಿಗೆ ಮುಟ್ಟಿಸುತ್ತದೆ. ಅಲಂಕಾರಶಾಸ್ತ್ರಕ್ಕೆ ದೋಷವಾದುದು ವ್ಯಾಕರಣದಲ್ಲಿ ರಕ್ಷೆಯಾಗಿದೆ.

ಇಂತಹ ರಕ್ಷೆಯೊಂದು ನಮ್ಮ ಶಾಲೆಯ ಗಣಕಯಂತ್ರಗಳ ಜಾಲಕ್ಕೆ ಬೇಕಾಗಿದೆ. ಅದಕ್ಕೆ ದಾನಿಗಳ ಹಣವೂ ಶಿಕ್ಷಕರ ಗಮನವೂ ಸಲ್ಲಬೇಕು ಎಂಬುದೇ ಈ ಲೇಖನದ ಪ್ರತಿಪಾದ್ಯ. ವ್ಯಾಕರಣ ಪಾಠ ಹೇಳುವವನಿಗೆ ಈ ಉಸಾಬರಿ ಏಕೆ ಎಂಬ ಪ್ರಶ್ನೆ ಸಹಜವಾದುದು. ನಾನು ಕಂಡ ಎರಡು ಪ್ರಸಂಗಗಳನ್ನು ಮೊದಲು ನಿವೇದಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ವಿದ್ಯಾರ್ಥಿವೇತನದ ಅರ್ಜಿಗಳನ್ನು ಸಲ್ಲಿಸಲು ಅದು ಕಡೆಯ ದಿನ. ದೊಡ್ಡನೆಕ್ಕುಂದಿ ಇಂದು ಹೊರವರ್ತುಲ ರಸ್ತೆಯ ಗಾಜಿನ ಸೌಧಗಳ ಮಗ್ಗುಲಿನ ಊರು. ಆ ಸೌಧಗಳನ್ನು ಕಟ್ಟಲು, ಕಾಯಲು, ಗುಡಿಸಲು ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಬಂದ ಕುಟುಂಬಗಳ ಮಕ್ಕಳು ನಮ್ಮಲ್ಲಿ ಓದುತ್ತಾರೆ. ಅವರ ತಂದೆತಾಯಿಗಳಿಗೆ ಅರ್ಜಿ ತುಂಬಿಸಲು ಶಾಲೆಯ ಕಚೇರಿಯೇ ಗತಿ. ಅಂದು ಸಂಜೆ ನಾಲ್ಕರ ಸುಮಾರಿಗೆ ಕಚೇರಿಯ ರೌಟರ್ ಕೆಟ್ಟು ನಿಂತಿತು. ಹತ್ತಾರು ಗಣಕಯಂತ್ರಗಳೂ ಒಟ್ಟಿಗೆ ಮೂಕವಾದವು. ನಮ್ಮಲ್ಲಿ ಎರಡನೆಯ ರೌಟರ್ ಇರಲಿಲ್ಲವೆಂದಲ್ಲ. ಉದಾರಿಗಳೊಬ್ಬರು ಕೊಟ್ಟದ್ದು ಇತ್ತು. ಹಿಂದಿನ ವರ್ಷದ ಆಯುಧಪೂಜೆಯಲ್ಲಿ ವಿಭೂತಿ ಹಚ್ಚಿಸಿಕೊಂಡು ಅಲ್ಮೇರಾದೊಳಗೆ ತನ್ನ ರಟ್ಟಿನ ಪೆಟ್ಟಿಗೆಯಲ್ಲೇ ಕುಳಿತಿತ್ತು. ಅಲ್ಮೇರಾದ ಬೀಗದ ಕೈ ಗುಮಾಸ್ತರ ಬಳಿ. ಪಾಸ್‌ವರ್ಡ್ ಅವರ ನೆನಪಿನಲ್ಲಿ. ಗುಮಾಸ್ತರು ತುಮಕೂರಿನಲ್ಲಿ ಬಂಧುಗಳ ಮದುವೆಯಲ್ಲಿ.

ಶಿಕ್ಷಕಿಯೊಬ್ಬರ ಮೊಬೈಲಿನ ಹಾಟ್‌ಸ್ಪಾಟನ್ನು ಆಶ್ರಯಿಸಿ ರಾತ್ರಿಯವರೆಗೂ ಕುಳಿತು ಒಂದೊಂದಾಗಿ ಅರ್ಜಿಗಳನ್ನು ಕಳುಹಿಸಿದೆವು. ಆದರೂ ಒಂದು ಉಳಿಯಿತು. ಅದು ಕಟ್ಟಡವೊಂದರ ಕಾವಲುಗಾರರ ಮಗಳದು. "ಹೋಗ್ಲಿ ಬಿಡ್ರಿ ಸರ, ಬರೂ ವರ್ಷ ನೋಡೂಣು" ಎಂದು ಆ ತಂದೆ ನಮ್ಮನ್ನೇ ಸಮಾಧಾನಪಡಿಸಿ ರಾತ್ರಿ ಪಾಳಿಗೆ ಹೊರಟುಹೋದರು. ಆಕೆಯ ಶುಲ್ಕವನ್ನು ಮಠದ ದಾಸೋಹ ನಿಧಿಯಿಂದ ತುಂಬಿಸಲಾಯಿತೆಂಬುದು ನಿಜ. ಆದರೆ ಹಕ್ಕಿನಿಂದ ಬರಬೇಕಾದುದು ಕೃಪೆಯಿಂದ ಬರುವಂತೆ ಆದುದು ನಮ್ಮ ಅಜಾಗರೂಕತೆಯ ಫಲ.

ಎರಡನೆಯ ಪ್ರಸಂಗ ಇನ್ನೂ ಬೋಧಪ್ರದವಾದುದು. ಮೇಲಿನ ಸಂಗತಿಯನ್ನು ತಿಳಿದ ಹಿರಿಯ ವಿದ್ಯಾರ್ಥಿಯೊಬ್ಬನು, ಈಗ ಹೊರವರ್ತುಲ ರಸ್ತೆಯ ಸಂಸ್ಥೆಯೊಂದರಲ್ಲಿ ಎಂಜಿನಿಯರಾಗಿರುವವನು, ಒಂದು ಭಾನುವಾರ ಬಂದು ಎರಡು ರೌಟರುಗಳನ್ನೂ ಜೋಡಿಸಿ ಕೊಟ್ಟನು. "ಇನ್ನು ಒಂದು ಕೆಟ್ಟರೆ ಇನ್ನೊಂದು ಇದೆ, ಮೇಷ್ಟ್ರೇ. ಆದರೆ ಹೊರಗಿನ ತಂತಿ ಒಂದೇ ಇದೆ, ಅದನ್ನೂ ಎರಡು ಮಾಡಿಸಬೇಕು" ಎಂದು ಎಚ್ಚರಿಸಿಯೂ ಇದ್ದನು. ಮುಂದಿನ ಆಯವ್ಯಯದಲ್ಲಿ ನೋಡೋಣವೆಂದು ನಾವು ಕೈತೊಳೆದುಕೊಂಡೆವು. ಎಂಟು ತಿಂಗಳಾದ ಮೇಲೆ ಬೀದಿಯಲ್ಲಿ ಅಗೆಯುತ್ತಿದ್ದ ಯಂತ್ರದ ಹಲ್ಲಿಗೆ ಸಿಕ್ಕಿ ಆ ತಂತಿ ತುಂಡಾಯಿತು. ಎರಡು ರೌಟರುಗಳೂ ದೀಪ ಮಿನುಗಿಸುತ್ತ ಆರೋಗ್ಯವಾಗಿಯೇ ಇದ್ದವು. ಜಾಲ ಮಾತ್ರ ಎರಡು ದಿನ ಸತ್ತಿತ್ತು.

ಈ ಎರಡು ಪ್ರಸಂಗಗಳ ತಾತ್ಪರ್ಯವನ್ನು ಗ್ರಹಿಸಬೇಕಾದರೆ ರೌಟರ್ ಎಂಬುದು ಮಾಡುವ ಕೆಲಸವನ್ನು ಸ್ಥೂಲವಾಗಿಯಾದರೂ ತಿಳಿಯಬೇಕು. ಶಾಲೆಯೊಳಗಿನ ಗಣಕಯಂತ್ರಗಳೆಲ್ಲ ಒಂದು ಕೋಟೆಯೊಳಗಿನ ಮನೆಗಳಿದ್ದಂತೆ. ಕೋಟೆಯಿಂದ ಹೊರಗೆ ಹೋಗುವ ಪತ್ರವೆಲ್ಲ ಹೆಬ್ಬಾಗಿಲಿನ ಮೂಲಕವೇ ಹೋಗಬೇಕು. ಆ ಹೆಬ್ಬಾಗಿಲೇ ರೌಟರ್. ಪ್ರತಿಯೊಂದು ಗಣಕಯಂತ್ರಕ್ಕೂ ಹೆಬ್ಬಾಗಿಲಿನ ವಿಳಾಸ ಇಂಥದೆಂದು ಮೊದಲೇ ಹೇಳಿಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಗೊತ್ತಿರುವುದು ಒಂದೇ ವಿಳಾಸ. ಆದುದರಿಂದ ಪಕ್ಕದಲ್ಲಿ ಇನ್ನೊಂದು ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ ಪ್ರಯೋಜನವಿಲ್ಲ. ಮೊದಲಿನದು ಮುಚ್ಚಿದರೆ ಮನೆಗಳವರು ಮುಚ್ಚಿದ ಬಾಗಿಲನ್ನೇ ತಟ್ಟುತ್ತ ನಿಲ್ಲುತ್ತಾರೆ.

ಈ ತೊಡಕಿಗೆ ತಂತ್ರಜ್ಞರು ಕಂಡುಕೊಂಡ ಪರಿಹಾರ ಸರಳವೂ ಸುಂದರವೂ ಆದುದು. 1998ರಲ್ಲಿ ಅದಕ್ಕೊಂದು ಸರ್ವಸಮ್ಮತ ನಿಯಮಾವಳಿಯನ್ನು ಪ್ರಕಟಿಸಿ ವಿ.ಆರ್.ಆರ್.ಪಿ. ಎಂದು ಹೆಸರಿಟ್ಟರು, 2010ರಲ್ಲಿಯೂ 2024ರಲ್ಲಿಯೂ ಅದನ್ನು ಪರಿಷ್ಕರಿಸಿದ್ದಾರೆ. ಅದರ ಪ್ರಕಾರ ಹೆಬ್ಬಾಗಿಲಿನ ವಿಳಾಸವನ್ನು ಯಾವ ಒಂದು ಪೆಟ್ಟಿಗೆಗೂ ಸ್ವಂತವಾಗಿ ಕೊಡುವುದಿಲ್ಲ. ಅದು ಎರಡಕ್ಕೂ ಸಮಾನವಾದ ಒಂದು ಕಲ್ಪಿತ ವಿಳಾಸ. ಎರಡು ರೌಟರುಗಳಿಗೂ 1ರಿಂದ 254ರವರೆಗಿನ ಆದ್ಯತೆಯ ಅಂಕಗಳಿಂದ ಒಂದೊಂದನ್ನು ನಿಗದಿಮಾಡುತ್ತಾರೆ. ಹೆಚ್ಚಿನ ಅಂಕವುಳ್ಳದ್ದು ಆ ವಿಳಾಸವನ್ನು ಧರಿಸಿ ಕೆಲಸ ನಡೆಸುತ್ತದೆ. ಅಷ್ಟಲ್ಲದೆ, ಬೇರೆಯಾಗಿ ಹೇಳದಿದ್ದರೆ ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಎಂಬ ಸಂದೇಶವನ್ನು ಜಾಲದೊಳಗೆ ಹೊರಡಿಸುತ್ತದೆ. ಎರಡನೆಯದು ಸುಮ್ಮನೆ ಆಲಿಸುತ್ತಿರುತ್ತದೆ. ಮೂರು ಸಂದೇಶಗಳ ಕಾಲ ಕಳೆದೂ ಏನೂ ಕೇಳಿಬರದಿದ್ದರೆ, ಇನ್ನೊಂದು ಸೆಕೆಂಡೂ ಕಳೆಯುವ ಮೊದಲೇ, ಅದೇ ವಿಳಾಸವನ್ನು ತಾನು ಧರಿಸಿ ಮುಂದುವರಿಯುತ್ತದೆ. ಮನೆಗಳವರಿಗೆ ಬಾಗಿಲು ಬದಲಾದುದೇ ತಿಳಿಯದು. ಹಿರಿಯದು ಚೇತರಿಸಿಕೊಂಡು ಮರಳಿದರೆ ಸಾಮಾನ್ಯವಾಗಿ ಕಿರಿಯದು ಸ್ಥಾನ ಬಿಟ್ಟುಕೊಡುತ್ತದೆ.

ಮಠದ ಅನ್ನವುಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲವೆಂದು ನನಗೆ ತೋರುತ್ತದೆ. ಭಕ್ತರು ಬಾಗುವುದು ಪೀಠಕ್ಕೆ. ಪೀಠದ ಮೇಲಿನ ಮೂರ್ತಿಗಳು ಬದಲಾಗಬಹುದು. ಪೀಠದ ವಿಳಾಸ ಬದಲಾಗದು. ಹಿರಿದಕ್ಕೂ ಕಿರಿದಕ್ಕೂ ಹೋಲಿಕೆ ಹೇಳುವ ಧಾರ್ಷ್ಟ್ಯವನ್ನು ಪೂಜ್ಯರು ಮನ್ನಿಸಬೇಕು. ತುಮಕೂರಿನ ಶ್ರೀ ಸಿದ್ಧಗಂಗಾ ಮಠದ ಇತಿಹಾಸವನ್ನು ನೋಡಿರಿ. ಶ್ರೀ ಉದ್ದಾನ ಶಿವಯೋಗಿಗಳವರ ಕಾಲದಲ್ಲಿ ಉತ್ತರಾಧಿಕಾರಿಗಳಾಗಿದ್ದ ಶ್ರೀ ಮರುಳಾರಾಧ್ಯರು 1930ರಲ್ಲಿ ಅಕಾಲದಲ್ಲಿ ಲಿಂಗೈಕ್ಯರಾದರು. ಹಿರಿಯರು ಆರೋಗ್ಯವಾಗಿಯೇ ಇದ್ದಾರೆ, ಇನ್ನೊಬ್ಬರಿಗೆ ಅವಸರವೇನು ಎಂದು ಶಿವಯೋಗಿಗಳವರು ಕಾಯಲಿಲ್ಲ. ಅದೇ ವರ್ಷ ವಿದ್ಯಾರ್ಥಿಯಾಗಿದ್ದ ಶಿವಣ್ಣನವರನ್ನು ಆರಿಸಿಕೊಂಡರು. ಅವರೇ ಮುಂದೆ 1941ರಲ್ಲಿ ಮಠದ ಹೊಣೆ ಹೊತ್ತ ಡಾ. ಶ್ರೀ ಶಿವಕುಮಾರ ಸ್ವಾಮಿಗಳವರು. ಅವರೂ ತಮ್ಮ ಉತ್ತರಾಧಿಕಾರಿಗಳನ್ನು 1988ರಲ್ಲಿಯೇ ನೇಮಿಸಿದರು. 2019ರ ಜನವರಿ 21ರಂದು ನೂರ ಹನ್ನೊಂದರ ವಯಸ್ಸಿನಲ್ಲಿ ಪೂಜ್ಯರು ಲಿಂಗೈಕ್ಯರಾದಾಗ ನಾಡೆಲ್ಲ ಕಣ್ಣೀರಿಟ್ಟಿತು. ಆದರೆ ಸಾವಿರಾರು ಮಕ್ಕಳ ಅನ್ನ, ಅಕ್ಷರ, ಆಶ್ರಯಗಳ ದಾಸೋಹ ಮುಂದುವರಿಯಿತು.

ಇಲ್ಲಿ ಎರಡು ಪಾಠಗಳಿವೆ. ಎರಡನೆಯವರನ್ನು ಮೊದಲನೆಯವರು ಇರುವಾಗಲೇ ನೇಮಿಸಿ ಪಕ್ಕದಲ್ಲಿ ಇಟ್ಟುಕೊಳ್ಳಬೇಕೆಂಬುದು ಒಂದು. ಅಲ್ಮೇರಾದಲ್ಲಿ ಇಟ್ಟ ರೌಟರ್ ಬಿಡಿಭಾಗವಾದೀತೇ ಹೊರತು ಉತ್ತರಾಧಿಕಾರಿಯಾಗದು. ಎರಡನೆಯವರಿಗೆ ಕುತ್ತು ಬಂದರೆ ಒಡನೆಯೇ ಆ ಸ್ಥಾನವನ್ನು ತುಂಬಬೇಕೆಂಬುದು ಇನ್ನೊಂದು. ಯಂತ್ರಗಳಲ್ಲಿ ಇದನ್ನು ಮರೆಯುವುದು ಬಹು ಸುಲಭ. ಮುಖ್ಯ ರೌಟರ್ ಕೆಟ್ಟರೆ ಊರೆಲ್ಲ ಕೂಗುತ್ತದೆ. ಸುಮ್ಮನಿರುವ ಎರಡನೆಯದು ಕೆಟ್ಟರೆ ಕೇಳುವವರೇ ಇಲ್ಲ. ಜಾಲ ಎಂದಿನಂತೆ ನಡೆಯುತ್ತಿರುತ್ತದೆ, ನಾವು ಎರಡಿವೆಯೆಂಬ ಭರವಸೆಯಲ್ಲಿ ಒಂದರ ಮೇಲೆಯೇ ನಿಂತಿರುತ್ತೇವೆ.

ಮೂರನೆಯ ಪಾಠವನ್ನು ನಮಗೆ ಕಲಿಸಿದುದು ತುಂಡಾದ ಆ ತಂತಿ. ಲೆಕ್ಕಕ್ಕೆ ಎರಡಾಗಿದ್ದು ಮೂಲದಲ್ಲಿ ಒಂದೇ ಆಗಿರುವ ವಸ್ತುಗಳು ಲೋಕದಲ್ಲಿ ಬಹಳ. ಎರಡು ರೌಟರುಗಳಿಗೆ ತಂತಿ ಒಂದೇ ಆದರೆ ಅವು ಒಂದೇ. ತಂತಿಗಳು ಎರಡಾಗಿ, ಎರಡೂ ಒಂದೇ ಕಾಲುವೆಯಲ್ಲಿ ಮಲಗಿದ್ದರೆ ಆಗಲೂ ಒಂದೇ. ಅಗೆಯುವ ಯಂತ್ರಕ್ಕೆ ಪಕ್ಷಪಾತವಿಲ್ಲ. ತಂತಿಗಳು ಬೇರೆಯಾಗಿ, ಎರಡು ಪೆಟ್ಟಿಗೆಗಳಿಗೂ ವಿದ್ಯುತ್ತು ಒಂದೇ ಯು.ಪಿ.ಎಸ್.ನಿಂದ ಬರುತ್ತಿದ್ದರೆ ಆಗಲೂ ಒಂದೇ. ಇದು ನಮ್ಮಂತಹ ಸಣ್ಣವರ ತಪ್ಪು ಮಾತ್ರವಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಎರಡು ದೊಡ್ಡ ತಂತಿಗಳು ಒಟ್ಟಿಗೆ ತುಂಡಾದವು. ಎರಡೂ ಬೇರೆ ಬೇರೆ ಒಡೆತನದವು. ಆದರೆ ಹಾದುಹೋದುದು ಒಂದೇ ಕಡಲಿನ ಮಗ್ಗುಲಲ್ಲಿ. ಭಾರತದಿಂದ ಪಶ್ಚಿಮಕ್ಕೆ ಹೋಗುವ ಸಂಪರ್ಕ ಬಹುಮಟ್ಟಿಗೆ ಕುಗ್ಗಿತು. ಪೂರ್ವದ ಕಡಲಿನ ದಾರಿಯನ್ನೂ ಇಟ್ಟುಕೊಂಡಿದ್ದವರು ಆ ದಾರಿಯನ್ನು ಹಿಡಿದು ಕೆಲಸ ಸಾಗಿಸಿದರು.

ನಮ್ಮ ಮನೆಬಾಗಿಲಿನ ನಿದರ್ಶನವನ್ನೇ ಬೇಕೆಂದರೆ 2022ರ ಸೆಪ್ಟೆಂಬರನ್ನು ನೆನೆಯಬಹುದು. ಆ ತಿಂಗಳ ಮೊದಲ ವಾರದ ಮಳೆಯಲ್ಲಿ ನಮ್ಮ ಹೊರವರ್ತುಲ ರಸ್ತೆಯೇ ಹೊಳೆಯಾಗಿತ್ತು. ಬಡಾವಣೆಗಳಲ್ಲಿ ದೋಣಿಗಳೂ ಟ್ರ್ಯಾಕ್ಟರುಗಳೂ ಜನರನ್ನು ಸಾಗಿಸಿದವು. ಅದೇ ಸೆಪ್ಟೆಂಬರ್ 5ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿಯ ನೀರನ್ನು ಬೆಂಗಳೂರಿಗೆ ಎತ್ತಿ ಕಳುಹಿಸುವ ಯಂತ್ರಾಗಾರಕ್ಕೆ ನೆರೆಯ ನೀರು ನುಗ್ಗಿತು. ಬೀದಿಯ ತುಂಬ ನೀರು, ನಲ್ಲಿಯಲ್ಲಿ ಮಾತ್ರ ಹನಿಯಿಲ್ಲ ಎಂಬ ವಿಪರ್ಯಾಸವನ್ನು ನಗರದ ಹಲವು ಭಾಗಗಳ ಜನ ಅನುಭವಿಸಿದರು. ಯಂತ್ರಗಳು ಅನೇಕವಾಗಿದ್ದರೂ ಅವು ನಿಂತ ನೆಲ ಒಂದೇ ಆಗಿದ್ದರೆ, ಆ ನೆಲಕ್ಕೆ ಬಂದ ಕುತ್ತು ಎಲ್ಲಕ್ಕೂ ಬರುತ್ತದೆ. ಸ್ವಂತ ಬಾವಿಯನ್ನು ಮುಚ್ಚದೆ ಉಳಿಸಿಕೊಂಡಿದ್ದ ಮನೆಯವರ ಬಳಿಗೆ ಅಂದು ನೆರೆಹೊರೆಯವರು ಕೊಡ ಹಿಡಿದು ಹೋಗಬೇಕಾಯಿತು.

ಇನ್ನೊಂದು ಸೂಕ್ಷ್ಮವುಂಟು. ನಮ್ಮ ತಂತಿ ತುಂಡಾದ ದಿನ ರೌಟರುಗಳ ದೀಪಗಳು ಉರಿಯುತ್ತಲೇ ಇದ್ದವೆಂದು ಹೇಳಿದೆನಷ್ಟೆ. 'ನಾನಿದ್ದೇನೆ' ಎಂಬ ಸಂದೇಶ ಪೆಟ್ಟಿಗೆಯ ಜೀವವನ್ನು ಹೇಳುತ್ತದೆಯೇ ಹೊರತು ಅದರ ಹಿಂದಿನ ದಾರಿ ತೆರೆದಿದೆಯೇ ಎಂಬುದನ್ನು ಹೇಳುವುದಿಲ್ಲ. ಹೊರದಾರಿ ಮುಚ್ಚಿದ್ದರೂ ಪೆಟ್ಟಿಗೆ ತಾನು ಕ್ಷೇಮವೆಂದು ಸಾರುತ್ತಲೇ ಇರುತ್ತದೆ. ಎರಡನೆಯದು ಅದನ್ನು ನಂಬಿ ಸುಮ್ಮನಿರುತ್ತದೆ. ಆದುದರಿಂದ ಹೊರಗಿನ ದಾರಿಯನ್ನು ಆಗಾಗ್ಗೆ ಪರೀಕ್ಷಿಸಿ, ಅದು ಮುಚ್ಚಿದೊಡನೆ ತನ್ನ ಆದ್ಯತೆಯ ಅಂಕವನ್ನು ತಾನೇ ಇಳಿಸಿಕೊಳ್ಳುವಂತೆ ರೌಟರಿಗೆ ಹೇಳಿಕೊಡಬೇಕು. ಇದಕ್ಕೆ ವಿರುದ್ಧವಾದ ಅಪಾಯವೂ ಒಂದಿದೆ. ಎರಡು ಪೆಟ್ಟಿಗೆಗಳ ನಡುವಣ ಒಳತಂತಿ ಕಡಿದುಹೋದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸದು. ಆಗ ಮೊದಲನೆಯದು ಬದುಕಿರುವಾಗಲೇ ಎರಡನೆಯದೂ ಪಟ್ಟಕ್ಕೇರುತ್ತದೆ. ಒಂದು ಪೀಠಕ್ಕೆ ಇಬ್ಬರಾದರೆ ಏನಾಗುತ್ತದೆಂಬುದನ್ನು ಈ ವಾಚಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಒಳತಂತಿಯನ್ನೂ ಭದ್ರವಾಗಿಡಬೇಕು.

ಇನ್ನು ಆಕ್ಷೇಪಗಳಿಗೆ ಬರೋಣ. ಜಾಲವಿಲ್ಲದೆ ಎಷ್ಟು ತಲೆಮಾರುಗಳು ಈ ನಾಡಿನಲ್ಲಿ ವಿದ್ಯೆ ಕಲಿತಿಲ್ಲ ಎಂದು ಕೆಲವು ಹಿರಿಯ ಶಿಕ್ಷಕರು ಕೇಳುತ್ತಾರೆ. ಪಾಠದ ಮಟ್ಟಿಗೆ ಅವರ ಮಾತು ದಿಟ. ಸೀಮೆಸುಣ್ಣವಿದ್ದರೆ ನನ್ನ ತರಗತಿ ಇಂದಿಗೂ ನಡೆಯುತ್ತದೆ. ಆದರೆ ಮಗುವಿನ ದಾಖಲಾತಿ, ಎಸ್.ಎಸ್.ಎಲ್.ಸಿ. ನೋಂದಣಿ, ವಿದ್ಯಾರ್ಥಿವೇತನ, ಶಾಲೆಯ ಅಂಕಿಅಂಶ ಇವೆಲ್ಲ ಇಂದು ಗಣಕಜಾಲದ ಮೂಲಕವೇ ಸಲ್ಲಬೇಕು. ಸರ್ಕಾರವು ಕಾಗದದ ಕಿಟಕಿಯನ್ನು ಬಹುತೇಕ ಮುಚ್ಚಿದೆ. ಉಳ್ಳವರ ಮಕ್ಕಳಿಗೆ ಮನೆಯಲ್ಲಿ ಬೇರೆ ದಾರಿಯುಂಟು. ಕಾವಲುಗಾರರ ಮಗಳಿಗೆ ನಮ್ಮ ಕಚೇರಿಯ ದಾರಿಯೊಂದೇ. ಅದು ಮುಚ್ಚಿದರೆ ನಷ್ಟ ಯಾರಿಗೆಂಬುದನ್ನು ಕಂಡಿದ್ದೇವೆ.

ಎರಡನೆಯ ಆಕ್ಷೇಪ ದಾನಿಗಳದು. ಕೋಣೆ ಕಟ್ಟಿಸಿದರೆ ಮಕ್ಕಳು ಕುಳಿತುಕೊಳ್ಳುತ್ತಾರೆ, ಸ್ಮಾರ್ಟ್ ಫಲಕ ಕೊಟ್ಟರೆ ನಾಲ್ವರು ನೋಡುತ್ತಾರೆ. ವರ್ಷದಲ್ಲಿ ಮುನ್ನೂರ ಅರವತ್ತು ದಿನ ಸುಮ್ಮನೆ ಕುಳಿತಿರುವ ಪೆಟ್ಟಿಗೆಗೆ, ಬಳಸದ ತಂತಿಯ ಬಾಡಿಗೆಗೆ ಹಣ ಕೊಡುವುದು ದಂಡವಲ್ಲವೇ ಎಂದು ಅವರು ಕೇಳುತ್ತಾರೆ. ಅವರಿಗೆ ನನ್ನ ಉತ್ತರ ಸಾವಿರ ವರ್ಷಗಳಷ್ಟು ಹಳೆಯದು. ಕನ್ನಡದ ದಾನಿಗಳಲ್ಲಿ ಅಗ್ರಗಣ್ಯಳಾದ ಅತ್ತಿಮಬ್ಬೆಗೆ 'ದಾನಚಿಂತಾಮಣಿ' ಎಂಬ ಬಿರುದಿತ್ತು. ಆಕೆ ಮಾಡಿಸಿದ ಮಹತ್ಕಾರ್ಯಗಳಲ್ಲಿ ಒಂದು ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದುದು. ಆ ಕಾವ್ಯ ಆಗಲೇ ರಚಿತವಾಗಿದ್ದುದು. ಓದುವವನಿಗೆ ಒಂದು ಪ್ರತಿ ಸಾಕು. ಉಳಿದವು ದಂಡವೆಂದು ಆಕೆ ಎಣಿಸಲಿಲ್ಲ. ಅದೇ ಪೊನ್ನನ 'ಭುವನೈಕರಾಮಾಭ್ಯುದಯ'ಕ್ಕೆ ಅಂತಹ ಭಾಗ್ಯವಿರಲಿಲ್ಲ. ಇಂದು 'ಶಾಂತಿಪುರಾಣ' ನಮ್ಮ ಕೈಯಲ್ಲಿದೆ, 'ಭುವನೈಕರಾಮಾಭ್ಯುದಯ' ಕಳೆದುಹೋಗಿದೆ. ಕವಿ ಒಬ್ಬನೇ, ಪ್ರತಿಭೆ ಒಂದೇ. ಗತಿ ಮಾತ್ರ ಬೇರೆ.

ವಚನ ಸಾಹಿತ್ಯದ ವಿಷಯದಲ್ಲಿಯೂ ಇದೇ ಮಾತು. ಡಾ. ಫ.ಗು. ಹಳಕಟ್ಟಿಯವರು ಊರೂರು ಅಲೆದು ಮನೆಮನೆಯ ಓಲೆಗರಿಗಳನ್ನು ಸಂಗ್ರಹಿಸಿ, ಹೋಲಿಸಿ ನೋಡಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಆ ಓಲೆಗಳು ಒಂದೇ ಭಂಡಾರದಲ್ಲಿದ್ದು ಆ ಭಂಡಾರಕ್ಕೆ ಬೆಂಕಿ ತಗುಲಿದ್ದರೆ ಹಳಕಟ್ಟಿಯವರಂತಹವರು ಹತ್ತು ಮಂದಿ ಬಂದಿದ್ದರೂ ಪ್ರಯೋಜನವಿರುತ್ತಿರಲಿಲ್ಲ. ಪ್ರತಿಗಳು ಹಲವಾಗಿದ್ದುವು ಮಾತ್ರವಲ್ಲ, ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಜಗುಲಿಗಳ ಮೇಲೆ ಇದ್ದುವು. ಎರಡು ತಂತಿಗಳು ಒಂದೇ ಕಾಲುವೆಯಲ್ಲಿರಬಾರದೆಂಬ ಸೂತ್ರಕ್ಕೂ ಇದಕ್ಕೂ ಭೇದವಿಲ್ಲ.

ಹೀಗಿರಲಾಗಿ ಆಡಳಿತ ಮಂಡಳಿಯವರ ಮುಂದೆ ನನ್ನ ಸಲಹೆಗಳನ್ನು ವಿನಯಪೂರ್ವಕವಾಗಿ ಇಡುತ್ತೇನೆ. ಮೊದಲನೆಯದಾಗಿ, ಎರಡು ರೌಟರುಗಳೂ ಸದಾ ಚಾಲನೆಯಲ್ಲಿರಲಿ; ಒಂದೊಂದಕ್ಕೂ ಬೇರೆ ಯು.ಪಿ.ಎಸ್., ಸಾಧ್ಯವಾದರೆ ಬೇರೆ ಕೋಣೆ ಇರಲಿ. ಎರಡನೆಯದಾಗಿ, ಹೊರಗಿನ ಸಂಪರ್ಕವನ್ನು ಎರಡು ಬೇರೆ ಸಂಸ್ಥೆಗಳಿಂದ ಪಡೆಯೋಣ. ಹೆಸರು ಬೇರೆಯಾದರೆ ಸಾಲದು, ತಂತಿ ಯಾವ ಬೀದಿಯಲ್ಲಿ ಹಾದು ಬರುತ್ತದೆಂಬುದನ್ನು ಲಿಖಿತವಾಗಿ ಕೇಳೋಣ. ಒಂದು ತಂತಿಯ ಮೂಲಕ, ಇನ್ನೊಂದು ಮೊಬೈಲ್ ಗೋಪುರದ ಮೂಲಕ ಬಂದರೆ ಉತ್ತಮ; ಆದರೆ ಆ ಗೋಪುರಕ್ಕೂ ಅದೇ ಕಾಲುವೆಯ ತಂತಿಯೇ ಆಧಾರವಾಗಿರಬಹುದಾದ್ದರಿಂದ ಅದನ್ನೂ ವಿಚಾರಿಸಬೇಕು. ಮೂರನೆಯದಾಗಿ, ತಿಂಗಳಿಗೊಂದು ಶನಿವಾರ ಶಾಲೆ ಬಿಟ್ಟ ಮೇಲೆ ಮುಖ್ಯ ರೌಟರನ್ನು ಬೇಕೆಂದೇ ನಿಲ್ಲಿಸಿ, ಎರಡನೆಯದು ಹೊಣೆ ಹೊರುವುದೋ ಇಲ್ಲವೋ ನೋಡಿ, ಇನ್ನೊಮ್ಮೆ ಹೊರತಂತಿಯನ್ನು ಕಿತ್ತು ನೋಡಿ, ಫಲಿತಾಂಶವನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡೋಣ. ಪರೀಕ್ಷೆಯಿಲ್ಲದೆ ಮಕ್ಕಳನ್ನು ತೇರ್ಗಡೆ ಮಾಡದ ನಾವು ಯಂತ್ರವನ್ನು ಏಕೆ ಮಾಡಬೇಕು?

ನಾಲ್ಕನೆಯ ಸಲಹೆಗೆ ಹಣ ಬೇಕಾಗಿಲ್ಲ, ಆದರೂ ಅದೇ ಮುಖ್ಯವಾದುದು. ಅಂದು ಕೆಟ್ಟುದು ಒಂದು ಪೆಟ್ಟಿಗೆ. ಮಗುವಿನ ಅರ್ಜಿ ಉಳಿದುದು ಒಬ್ಬರಿಗೆ ಮಾತ್ರ ತಿಳಿದಿದ್ದ ವಿಷಯದ ದೆಸೆಯಿಂದ. ಗುಮಾಸ್ತರದು ತಪ್ಪೆಂದು ನಾನು ಹೇಳಲಾರೆ; ಬಂಧುಗಳ ಮದುವೆಗೆ ಹೋಗುವುದು ತಪ್ಪಲ್ಲ. ಒಬ್ಬರ ತಲೆಯ ಮೇಲೆ ಎಲ್ಲವನ್ನೂ ಹೇರಿ ನಿಶ್ಚಿಂತರಾಗಿದ್ದ ನಮ್ಮೆಲ್ಲರದು ತಪ್ಪು. ಆದುದರಿಂದ ಜಾಲದ ಕೆಲಸವನ್ನು ಇಬ್ಬರು ಕಲಿಯಲಿ. ಪಾಸ್‌ವರ್ಡುಗಳನ್ನು ಬರೆದು ಅರಗಿನ ಮುದ್ರೆಯೊತ್ತಿದ ಎರಡು ಲಕೋಟೆಗಳಲ್ಲಿ, ಒಂದನ್ನು ಮುಖ್ಯೋಪಾಧ್ಯಾಯರ ಬಳಿ, ಇನ್ನೊಂದನ್ನು ಮಠದ ಕಚೇರಿಯಲ್ಲಿ ಇಡಲಿ. ಕಲಿತ ಇಬ್ಬರಲ್ಲಿ ಒಬ್ಬರು ನಿವೃತ್ತರಾದರೆ ಅದೇ ತಿಂಗಳು ಮೂರನೆಯವರು ಕಲಿಯಲಿ. ಇದುವರೆಗೆ ಈ ಕೆಲಸ ನಮ್ಮದಲ್ಲವೆಂದು ದೂರ ನಿಂತವರಲ್ಲಿ ನಾನೂ ಒಬ್ಬ. ಎರಡನೆಯವನಾಗಿ ಕಲಿಯಲು ನನ್ನ ಹೆಸರನ್ನು ಈ ಲೇಖನದ ಮೂಲಕವೇ ಮುಖ್ಯೋಪಾಧ್ಯಾಯರಿಗೆ ಕೊಡುತ್ತಿದ್ದೇನೆ.

ಉಳಿದ ಮೂರು ಸಲಹೆಗಳಿಗೆ ಬೇಕಾದ ಹಣ ದೊಡ್ಡದಲ್ಲ. ಒಂದು ಸ್ಮಾರ್ಟ್ ಫಲಕಕ್ಕೆ ಕೊಡುವಷ್ಟೂ ಬೇಡ. ಆದರೆ ತಂತಿಯ ಬಾಡಿಗೆ ವರ್ಷವರ್ಷವೂ ಬೀಳುವ ವೆಚ್ಚವಾದುದರಿಂದ ಒಮ್ಮೆ ಕೊಟ್ಟು ಮರೆಯುವ ದಾನ ಇದಕ್ಕೆ ಒದಗದು. ಹಿರಿಯ ವಿದ್ಯಾರ್ಥಿಗಳು ಕೂಡಿ ಒಂದು ಸಣ್ಣ ಶಾಶ್ವತ ನಿಧಿಯನ್ನು ಸ್ಥಾಪಿಸಿ, ಅದರ ಬಡ್ಡಿಯಿಂದ ಎರಡನೆಯ ದಾರಿಯನ್ನು ಸದಾ ತೆರೆದಿಡಬೇಕೆಂಬುದು ನನ್ನ ಪ್ರಾರ್ಥನೆ. ಈ ದಾನಕ್ಕೆ ಗೋಡೆಯ ಮೇಲೆ ಕಲ್ಲುಫಲಕ ಹಾಕಲು ತಕ್ಕ ಸ್ಥಳ ಸಿಗದಿರಬಹುದು. ಆದರೆ ಮುಂದಿನ ಅರ್ಜಿಯ ಕಡೆಯ ದಿನ, ಸಂಜೆ ನಾಲ್ಕಕ್ಕೆ ಒಂದು ಪೆಟ್ಟಿಗೆ ಕೆಟ್ಟರೂ, ಯಾವ ತಂದೆಯೂ ಬರಿಗೈಯಲ್ಲಿ ಪಾಳಿಗೆ ಹೋಗದಂತೆ ಆದರೆ ಅದಕ್ಕಿಂತ ಬೇರೆ ಫಲಕ ಏಕೆ?